ಬಟ್, ಆಲ್ದೋ, ಡಿಸ್ಪೈಟ್, ಹೌಎವರ್: ಯಾವುದನ್ನು ಎಲ್ಲಿ ಹಾಕಬೇಕು?

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ. "ಬಟ್, ದೋ, ಆಲ್ದೋ, ಹೌಎವರ್, ಡಿಸ್ಪೈಟ್ ಇವೆಲ್ಲಕ್ಕೂ ಡಿಕ್ಷನರಿಯಲ್ಲಿ ಹೆಚ್ಚು ಕಡಿಮೆ ಒಂದೇ ಅರ್ಥ. ಆದರೆ ಒಂದರ ಜಾಗದಲ್ಲಿ ಇನ್ನೊಂದು ಹಾಕಿದರೆ ಮಾರ್ಕ್ಸ್ ಹೋಗುತ್ತದೆ. ಹೇಗೆ ಆರಿಸೋದು?" ಪಿಯುಸಿ ಮಕ್ಕಳು ಲಿಂಕರ್ಸ್ ಪ್ರಶ್ನೆಗಾಗಿ ಕೇಳುತ್ತಾರೆ. ಬ್ಯಾಂಕ್ ಪರೀಕ್ಷೆಗೆ ಓದುವವರು ತಪ್ಪು ಹುಡುಕುವ ಪ್ರಶ್ನೆಗಾಗಿ ಕೇಳುತ್ತಾರೆ. ಕೆಲಸಕ್ಕೆ ಸೇರಿದವರು ಆಫೀಸಿನ ಇಮೇಲ್ ಬರೆಯುವಾಗ ಇಲ್ಲೇ ತಡವರಿಸುತ್ತಾರೆ.

ಅರ್ಥ ನೋಡಿ ಆರಿಸಲು ಹೋದರೆ ಉತ್ತರ ಸಿಗುವುದಿಲ್ಲ. ಆ ಪದದ ಮುಂದೆ ಏನು ಬರುತ್ತದೆ ಅಂತ ನೋಡಬೇಕು. ಕರ್ತೃ, ಕ್ರಿಯಾಪದ ಎರಡೂ ಇರುವ ಪೂರ್ತಿ ಮಾತು ಬರುತ್ತದೆಯೇ? ಬರೀ ಒಂದು ಹೆಸರು ಬರುತ್ತದೆಯೇ? ಅಥವಾ ಹೊಸ ವಾಕ್ಯವೇ ಶುರುವಾಗುತ್ತದೆಯೇ? ಇಷ್ಟು ಗೊತ್ತಾದರೆ ಅರ್ಧಕ್ಕಿಂತ ಜಾಸ್ತಿ ತಪ್ಪು ತಾನಾಗಿಯೇ ನಿಲ್ಲುತ್ತದೆ. ಶಾಲೆಯಲ್ಲಿ ಅರ್ಥದ ಪಟ್ಟಿಯನ್ನು ಬಾಯಿಪಾಠ ಮಾಡಿಸುತ್ತಾರೆ, ಆದರೆ ಇದನ್ನು ಬಿಡಿಸಿ ಹೇಳುವುದು ಕಡಿಮೆ. ಕನ್ನಡ ಮಾಧ್ಯಮದಲ್ಲಿ ಓದಿದ ಜಾಣ ಮಕ್ಕಳು ಇಷ್ಟು ಸಣ್ಣ ವಿಷಯಕ್ಕೆ ಹಿಂದೆ ಬೀಳಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಶುರು ಮಾಡುವ ಮುಂಚೆ

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಇಲ್ಲಿ ಇಂಗ್ಲಿಷ್ ವಾಕ್ಯಗಳನ್ನು ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. ನೀವು ಅವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಳ್ಳುತ್ತಾ ಹೋಗಿ. ಸ್ಪೆಲಿಂಗ್ ಕೂಡ ಜೊತೆಗೇ ಕೈಗೆ ಹತ್ತುತ್ತದೆ.

ಮೂರು ಪದಗಳ ಪರಿಚಯ ಬೇಕು. ಕ್ಲಾಸ್ (clause, ತರಗತಿ ಅನ್ನುವ ಕ್ಲಾಸ್ ಅಲ್ಲ) ಅಂದರೆ ಉಪವಾಕ್ಯ, ಅಂದರೆ ಕರ್ತೃ ಮತ್ತು ಕ್ರಿಯಾಪದ ಎರಡೂ ಇರುವ ಮಾತು. "ದಿ ಬಸ್ ವಾಸ್ ಲೇಟ್" ಒಂದು ಕ್ಲಾಸ್. "ದಿ ಲೇಟ್ ಬಸ್" ಕ್ಲಾಸ್ ಅಲ್ಲ, ಅದರಲ್ಲಿ ಕ್ರಿಯಾಪದ ಇಲ್ಲ. ಕಂಜಂಕ್ಷನ್ ಅಂದರೆ ಎರಡು ಕ್ಲಾಸ್‌ಗಳನ್ನು ಒಂದೇ ವಾಕ್ಯದಲ್ಲಿ ಜೋಡಿಸುವ ಪದ. ಆಡ್ವರ್ಬ್ ಅಂದರೆ ಕ್ರಿಯಾವಿಶೇಷಣ. ಅದು ಎರಡು ಮಾತುಗಳ ನಡುವಿನ ಸಂಬಂಧವನ್ನು ತೋರಿಸಬಹುದು, ಆದರೆ ಅವನ್ನು ಜೋಡಿಸುವ ಶಕ್ತಿ ಅದಕ್ಕಿಲ್ಲ. ಈ ಕೊನೆಯ ಮಾತನ್ನು ನೆನಪಿಡಿ, ಐದನೇ ಹಂತದಲ್ಲಿ ಬೇಕಾಗುತ್ತದೆ.

1. ಎರಡು ಮಾತುಗಳನ್ನು ಬೇರೆ ಬೇರೆ ಬರೆಯಿರಿ

ನೇರವಾಗಿ ಉದ್ದ ವಾಕ್ಯ ಬರೆಯಲು ಹೋಗಬೇಡಿ. ಮೊದಲು ಎರಡು ಸಣ್ಣ ವಾಕ್ಯ ಬರೆಯಿರಿ. "ದಿ ಬಸ್ ವಾಸ್ ಲೇಟ್." "ವೀ ರೀಚ್ಡ್ ಆನ್ ಟೈಮ್." ಆಮೇಲೆ ಇವುಗಳ ನಡುವೆ ಎಂಥ ವಿರೋಧ ಇದೆ ಅಂತ ಕೇಳಿಕೊಳ್ಳಿ.

ಕೆಲವು ಸಲ ಒಂದು ಮಾತು ಕೇಳಿದಾಗ ಹುಟ್ಟುವ ನಿರೀಕ್ಷೆಯನ್ನು ಇನ್ನೊಂದು ಮುರಿಯುತ್ತದೆ. ಬಸ್ ತಡವಾದರೆ ನಾವೂ ತಡವಾಗಬೇಕಿತ್ತು, ಆಗಲಿಲ್ಲ. ಇನ್ನು ಕೆಲವು ಸಲ ಅಲ್ಲಿ ಅಚ್ಚರಿ ಏನೂ ಇರುವುದಿಲ್ಲ, ಬರೀ ಹೋಲಿಕೆ ಇರುತ್ತದೆ. ಬೀದರ್ ಎತ್ತರದಲ್ಲಿದೆ, ಯಾದಗಿರಿ ತಗ್ಗಿನಲ್ಲಿದೆ. ಒಂದರಿಂದ ಇನ್ನೊಂದಕ್ಕೆ ಯಾವ ನಿರೀಕ್ಷೆಯೂ ಮುರಿಯಲಿಲ್ಲ. ಮೊದಲ ಬಗೆಗೆ ಆಲ್ದೋ, ಡಿಸ್ಪೈಟ್, ಹೌಎವರ್ ಬೇಕು. ಎರಡನೆಯದಕ್ಕೆ ವೈಲ್, ವೇರ್‌ಆಸ್, ಆನ್ ದಿ ಅದರ್ ಹ್ಯಾಂಡ್ ಬೇಕು. ಬಟ್ ಎರಡಕ್ಕೂ ನಡೆಯುತ್ತದೆ.

2. ಬಟ್ ಮತ್ತು ಯೆಟ್: ಇವುಗಳ ಜಾಗ ನಡುವೆ

ಬಟ್ ಎಲ್ಲರಿಗೂ ಗೊತ್ತು. "ದಿ ಬಸ್ ವಾಸ್ ಲೇಟ್, ಬಟ್ ವೀ ರೀಚ್ಡ್ ಆನ್ ಟೈಮ್." ಎರಡೂ ಕಡೆ ಪೂರ್ತಿ ಕ್ಲಾಸ್ ಇದೆ. ಆದ್ದರಿಂದ ಬಟ್‌ಗಿಂತ ಮುಂಚೆ ಅಲ್ಪವಿರಾಮ, ಅಂದರೆ ಕಾಮಾ. ಬಟ್ ಆದಮೇಲೆ ಕಾಮಾ ಬೇಡ. ಮಾತಾಡುವಾಗ ಬಟ್ ಅಂದು ನಾವು ಸ್ವಲ್ಪ ತಡೆಯುತ್ತೇವೆ, ಅದಕ್ಕೇ ಬರೆಯುವಾಗಲೂ ಕೈ ಅಲ್ಲಿ ಕಾಮಾ ಹಾಕುತ್ತದೆ. ಹಾಕಬೇಡಿ. ಎರಡನೇ ಕಡೆ ಕರ್ತೃ ಇಲ್ಲದಿದ್ದರೆ ಮುಂಚಿನ ಕಾಮಾ ಕೂಡ ಬೇಕಾಗಿಲ್ಲ: "ದಿ ಬಸ್ ವಾಸ್ ಓಲ್ಡ್ ಬಟ್ ಕಂಫರ್ಟಬಲ್."

ಯೆಟ್ ಅದೇ ಜಾಗದಲ್ಲಿ ಕೂರುತ್ತದೆ, ಅಚ್ಚರಿ ಸ್ವಲ್ಪ ಜಾಸ್ತಿ. "ಹೀ ಹ್ಯಾಸ್ ಲಿವ್ಡ್ ಇನ್ ಬೀದರ್ ಆಲ್ ಹಿಸ್ ಲೈಫ್, ಯೆಟ್ ಹೀ ಹ್ಯಾಸ್ ನೆವರ್ ಸೀನ್ ದಿ ಫೋರ್ಟ್." ವಾಕ್ಯದ ಕೊನೆಯಲ್ಲಿ ಬರುವ ಯೆಟ್ ಬೇರೆ. "ದಿ ಟ್ರೇನ್ ಹ್ಯಾಸ್ ನಾಟ್ ಕಮ್ ಯೆಟ್" ಅಂದರೆ ರೈಲು ಇನ್ನೂ ಬಂದಿಲ್ಲ ಅಂತ. ಇಲ್ಲಿ ವಿರೋಧದ ಮಾತೇ ಇಲ್ಲ.

ಬಟ್ ಇಟ್ಟು ವಾಕ್ಯ ಶುರು ಮಾಡಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ಮಾಡಬಹುದು. ಒಳ್ಳೆಯ ಲೇಖಕರೆಲ್ಲ ಮಾಡುತ್ತಾರೆ. ಆದರೆ ಪರೀಕ್ಷೆಯ ಉತ್ತರ, ಅರ್ಜಿ, ಆಫೀಸಿನ ಪತ್ರದಲ್ಲಿ ಬೇಡ. ಪೇಪರ್ ತಿದ್ದುವವರಲ್ಲಿ ಅದನ್ನು ತಪ್ಪು ಅಂತ ನಂಬಿದವರು ಇನ್ನೂ ಇದ್ದಾರೆ, ಸುಮ್ನೆ ಯಾಕೆ ಮಾರ್ಕ್ಸ್ ಕಳೆದುಕೊಳ್ಳೋದು?

3. ಆಲ್ದೋ, ದೋ, ಈವನ್ ದೋ: ಜಾಸ್ತಿ ತಪ್ಪಾಗುವುದು ಇಲ್ಲೇ

ಈ ಹಂತವನ್ನು ನಿಧಾನವಾಗಿ ಓದಿ. ಮೂರೂ ಕಂಜಂಕ್ಷನ್‌ಗಳೇ. ಮೂರರ ಮುಂದೆಯೂ ಪೂರ್ತಿ ಕ್ಲಾಸ್ ಬರಬೇಕು. ದೋ ಮಾತಿನ ಕಡೆ ವಾಲುತ್ತದೆ, ಆಲ್ದೋ ಬರವಣಿಗೆ ಕಡೆ ವಾಲುತ್ತದೆ, ಈವನ್ ದೋ ಅಂದರೆ ಒತ್ತು ಜಾಸ್ತಿ. ಅಷ್ಟೇ ವ್ಯತ್ಯಾಸ.

ಡಿಕ್ಷನರಿ ನೋಡಿದರೆ ಆಲ್ದೋಗೂ "ಆದಾಗ್ಯೂ" ಅಂತ ಇರುತ್ತದೆ, ಹೌಎವರ್‌ಗೂ ಅದೇ ಇರುತ್ತದೆ. ದಾರಿ ತಪ್ಪುವುದು ಇಲ್ಲಿಂದಲೇ. ಎರಡು ವಾಕ್ಯಗಳ ನಡುವೆ ಬರುವ "ಆದರೂ"ಗೆ ಆಲ್ದೋ ಸಮ ಅಲ್ಲ. ಬಂದರೂ, ಓದಿದರೂ, ಚಿಕ್ಕದಾದರೂ ಅಂತ ಕ್ರಿಯಾಪದದ ಕೊನೆಗೆ ಅಂಟುವ "ರೂ" ಇದೆಯಲ್ಲ, ಅದಕ್ಕೆ ಆಲ್ದೋ ಸಮ. ಈ ಒಂದು ವಿಷಯ ಹಿಡಿದುಕೊಂಡರೆ ಎರಡು ದೊಡ್ಡ ತಪ್ಪು ತಪ್ಪಿಸಬಹುದು.

ಮೊದಲನೇ ತಪ್ಪು, ಪದವನ್ನು ಬೇರೆ ಮಾತಿಗೆ ಅಂಟಿಸುವುದು. "ಅಂಗಡಿ ಚಿಕ್ಕದು. ಆದರೂ ಎಲ್ಲಾ ಸಿಗುತ್ತದೆ" ಅಂತ ಮನಸ್ಸಿನಲ್ಲಿ ಇರುತ್ತದೆ. ಆದರೂ ಅಂದರೆ ಆಲ್ದೋ ಅಂದುಕೊಂಡು ಹೀಗೆ ಬರೆಯುತ್ತಾರೆ:

ತಪ್ಪು: "ದಿ ಶಾಪ್ ಈಸ್ ಸ್ಮಾಲ್. ಆಲ್ದೋ ಇಟ್ ಹ್ಯಾಸ್ ಎವ್ರಿಥಿಂಗ್."

ಇದರಲ್ಲಿ ಎರಡು ದೋಷ ಇವೆ. ಅರ್ಥ ತಲೆಕೆಳಗಾಯಿತು. "ಎಲ್ಲಾ ಇದ್ದರೂ ಅಂಗಡಿ ಚಿಕ್ಕದು" ಅಂದ ಹಾಗಾಯಿತು. ಜೊತೆಗೆ ಆಲ್ದೋ ಇರುವ ಮಾತು ಒಂಟಿಯಾಗಿ ನಿಂತಿದೆ. "ಮಳೆ ಬಂದರೂ" ಅಂದು ನಿಲ್ಲಿಸಿದರೆ ಕೇಳುವವರು "ಮುಂದೆ?" ಅನ್ನುತ್ತಾರೆ, ಅಲ್ವಾ? ಆಲ್ದೋ ಕ್ಲಾಸ್ ಕೂಡ ಹಾಗೇ, ಒಂಟಿಯಾಗಿ ಪೂರ್ಣವಿರಾಮ ತಾಳುವುದಿಲ್ಲ. "ಚಿಕ್ಕದಾದರೂ" ಅಂತ ಬದಲಿಸಿ ನೋಡಿ. "ರೂ" ಅಂಟಿದ್ದು ಅಂಗಡಿ ಚಿಕ್ಕದು ಅನ್ನುವ ಮಾತಿಗೆ. ಆಲ್ದೋ ಕೂಡ ಅಲ್ಲಿಗೇ ಹೋಗಬೇಕು.

ಸರಿ: "ಆಲ್ದೋ ದಿ ಶಾಪ್ ಈಸ್ ಸ್ಮಾಲ್, ಇಟ್ ಹ್ಯಾಸ್ ಎವ್ರಿಥಿಂಗ್."

ಎರಡನೇ ತಪ್ಪು ಇನ್ನೂ ಸಾಮಾನ್ಯ. ಆಲ್ದೋ ಹಾಕಿದ ಮೇಲೆ ನಡುವೆ ಬಟ್ ಕೂಡ ಸೇರಿಸುವುದು.

ತಪ್ಪು: "ಆಲ್ದೋ ದಿ ಬಸ್ ವಾಸ್ ಲೇಟ್, ಬಟ್ ವೀ ರೀಚ್ಡ್ ಆನ್ ಟೈಮ್."

ಸರಿ: "ಆಲ್ದೋ ದಿ ಬಸ್ ವಾಸ್ ಲೇಟ್, ವೀ ರೀಚ್ಡ್ ಆನ್ ಟೈಮ್."

ನಡುವೆ ಏನೂ ಇಲ್ಲದಿದ್ದರೆ ನಮಗೆ ಖಾಲಿ ಅನಿಸುತ್ತದೆ. ಉರ್ದು, ಹಿಂದಿ ಮಾತಾಡುವ ಮನೆಯವರಿಗೆ ಇದು ಇನ್ನೂ ಕಷ್ಟ. ಅಲ್ಲಿ "ಹಾಲಾಂಕಿ" ಅಂತ ಶುರು ಮಾಡಿದರೆ ನಡುವೆ "ಲೇಕಿನ್" ಬರುವುದು ಸಹಜ. ನಮ್ಮ ಮೂರೂ ಜಿಲ್ಲೆಗಳಲ್ಲಿ ಎರಡೂ ಭಾಷೆ ಕಿವಿಗೆ ಬೀಳುತ್ತಲೇ ಇರುವುದರಿಂದ ಈ ಜೋಡಿ ಇಂಗ್ಲಿಷಿಗೂ ನುಸುಳುತ್ತದೆ. ಇಂಗ್ಲಿಷ್ ಇದನ್ನು ಒಪ್ಪುವುದಿಲ್ಲ. ಎರಡು ಮಾತು, ಒಂದು ಕಂಜಂಕ್ಷನ್. ಆಲ್ದೋ ಬಂದರೆ ಬಟ್ ಇಲ್ಲ, ಬಟ್ ಬಂದರೆ ಆಲ್ದೋ ಇಲ್ಲ.

ಹಳೆಯ ಗ್ರಾಮರ್ ಪುಸ್ತಕಗಳಲ್ಲಿ ದೋ ಜೊತೆ ಯೆಟ್ ಬರುವ ಜೋಡಿ ಕಾಣುತ್ತದೆ. ಅದು ತಪ್ಪಲ್ಲ, ಹಳೆಯ ಶೈಲಿ. ಪರೀಕ್ಷೆಯಲ್ಲಿ ದೋ ಮತ್ತು ಯೆಟ್ ಒಟ್ಟಿಗೆ ಕಂಡರೆ ತಪ್ಪು ಅಂತ ಗುರುತು ಹಾಕಲು ಅವಸರ ಮಾಡಬೇಡಿ. ನೀವು ಬರೆಯುವಾಗ ಮಾತ್ರ ಯೆಟ್ ಬಿಡಿ.

ನಮ್ಮ ಕಡೆ "ಬಂದಿದ್ದ ಖರೇ, ಆದ್ರ ಏನೂ ಹೇಳಲಿಲ್ಲ" ಅಂತೀವಲ್ಲ, ಇದನ್ನು ಇಂಗ್ಲಿಷಿನಲ್ಲಿ ಹೇಳುವಾಗ ಬಟ್ ಬೇಕೇ ಬೇಕು: "ಇಟ್ ಈಸ್ ಟ್ರೂ ದಟ್ ಹೀ ಕೇಮ್, ಬಟ್ ಹೀ ಸೆಡ್ ನಥಿಂಗ್." ಇಟ್ ಈಸ್ ಟ್ರೂ ಅನ್ನುವುದು ವಿರೋಧದ ಕಂಜಂಕ್ಷನ್ ಅಲ್ಲ. ಆದ್ದರಿಂದ ಇಲ್ಲಿ ಎರಡು ಸಲ ಹೇಳಿದ ಹಾಗಾಗುವುದಿಲ್ಲ.

ಕಾಮಾ ವಿಷಯ. ಆಲ್ದೋ ಕ್ಲಾಸ್ ಮೊದಲು ಬಂದರೆ ಅದು ಮುಗಿದ ಕಡೆ ಕಾಮಾ ಹಾಕಿ. ಅದು ಎರಡನೆಯದಾಗಿ ಬಂದರೆ ಸಾಮಾನ್ಯವಾಗಿ ಬೇಕಿಲ್ಲ: "ವೀ ರೀಚ್ಡ್ ಆನ್ ಟೈಮ್ ಆಲ್ದೋ ದಿ ಬಸ್ ವಾಸ್ ಲೇಟ್." ಆಲ್ದೋ ಅನ್ನುವ ಪದ ಆದ ತಕ್ಷಣ ಮಾತ್ರ ಕಾಮಾ ಹಾಕಬೇಡಿ. ಅದು ಹೌಎವರ್‌ನ ಅಭ್ಯಾಸ.

ಇನ್ನು ಈವನ್. ಇದು ಒಂಟಿಯಾಗಿ ಕಂಜಂಕ್ಷನ್ ಆಗುವುದಿಲ್ಲ. "ಈವನ್ ಹೀ ವಾಸ್ ಸಿಕ್, ಹೀ ಕೇಮ್ ಟು ಕಾಲೇಜ್" ತಪ್ಪು. "ಈವನ್ ದೋ ಹೀ ವಾಸ್ ಸಿಕ್, ಹೀ ಕೇಮ್ ಟು ಕಾಲೇಜ್" ಸರಿ. ಬರೀ ಈವನ್ ಹಾಕಿದರೆ "ಅವನೂ ಕೂಡ" ಅನ್ನುವ ಅರ್ಥ ಬರುತ್ತದೆ.

ಈವನ್ ದೋ ಮತ್ತು ಈವನ್ ಇಫ್ ನಡುವೆ ಗೊಂದಲ ಆಗುವುದಕ್ಕೂ ನಮ್ಮ "ರೂ"ವೇ ಕಾರಣ. "ಮಳೆ ಬಂದರೂ ಹೋದೆವು" ಅಂದಾಗಲೂ ಬಂದರೂ, "ಮಳೆ ಬಂದರೂ ಹೋಗುತ್ತೇವೆ" ಅಂದಾಗಲೂ ಬಂದರೂ. ಇಂಗ್ಲಿಷ್ ಇವೆರಡನ್ನು ಬೇರೆ ಮಾಡುತ್ತದೆ. ಮಳೆ ನಿಜವಾಗಿ ಬಂದಿದ್ದರೆ ಈವನ್ ದೋ: "ಈವನ್ ದೋ ಇಟ್ ರೇನ್ಡ್, ವೀ ವೆಂಟ್ ಟು ದಿ ಫೇರ್." ಬರುತ್ತದೋ ಇಲ್ಲವೋ ಗೊತ್ತಿಲ್ಲದಿದ್ದರೆ ಈವನ್ ಇಫ್: "ಈವನ್ ಇಫ್ ಇಟ್ ರೇನ್ಸ್, ವೀ ವಿಲ್ ಗೋ ಟು ದಿ ಫೇರ್." ಈ ಎರಡನೇ ವಾಕ್ಯದಲ್ಲಿ ಈವನ್ ಇಫ್ ಇರುವ ಭಾಗಕ್ಕೆ ವಿಲ್ ಸೇರಿಸಬಾರದು. "ಈವನ್ ಇಫ್ ಇಟ್ ವಿಲ್ ರೇನ್" ಅನ್ನುವುದು ತಪ್ಪು.

ದೋಗೆ ಇನ್ನೊಂದು ಕೆಲಸ ಇದೆ. ಮಾತಿನಲ್ಲಿ ಅದು ಕೊನೆಯಲ್ಲೂ ಬರುತ್ತದೆ. "ದಿ ಸುಸಲಾ ವಾಸ್ ಟೇಸ್ಟಿ. ಇಟ್ ವಾಸ್ ಅ ಲಿಟಲ್ ಆಯ್ಲಿ, ದೋ." ಇಲ್ಲಿ ಅದು ಆಡ್ವರ್ಬ್. ಆಲ್ದೋ, ಈವನ್ ದೋ ಹೀಗೆ ಕೊನೆಗೆ ಬರುವುದಿಲ್ಲ.

ಸ್ಪೆಲಿಂಗ್ ಬಗ್ಗೆ ಎರಡು ಮಾತು. ಆಲ್ದೋದಲ್ಲಿ ಎಲ್ ಅಕ್ಷರ ಒಂದೇ, ಮತ್ತು ಅದು ಒಂದೇ ಪದ. ಈವನ್ ದೋ ಎರಡು ಪದ. ದೋ ಬರೆಯುವಾಗ ಟಿ, ಎಚ್ ಆದಮೇಲೆ ಆರ್ ಸೇರಿದರೆ ಥ್ರೂ ಆಗುತ್ತದೆ. ಕೊನೆಗೆ ಟಿ ಸೇರಿದರೆ ಥಾಟ್ ಆಗುತ್ತದೆ. ಅವಸರದಲ್ಲಿ ಈ ಮೂರೂ ಅದಲು ಬದಲಾಗುತ್ತವೆ.

4. ಡಿಸ್ಪೈಟ್, ಇನ್ ಸ್ಪೈಟ್ ಆಫ್: ಮುಂದೆ ಹೆಸರು ಬೇಕು

ಅರ್ಥ ಆಲ್ದೋ ತರಹವೇ. ಆದರೆ ಇವು ಪ್ರೆಪೊಸಿಷನ್‌ಗಳು, ಅಂದರೆ ನಾಮಪದದ ಮುಂಚೆ ಬರುವ ಪದಗಳು. ಇವುಗಳ ಮುಂದೆ ಕ್ಲಾಸ್ ಬರುವಂತಿಲ್ಲ.

ತಪ್ಪು: "ಡಿಸ್ಪೈಟ್ ಇಟ್ ವಾಸ್ ವೆರಿ ಹಾಟ್, ದಿ ಮಾರ್ಕೆಟ್ ವಾಸ್ ಫುಲ್."

ಸರಿ: "ಡಿಸ್ಪೈಟ್ ದಿ ಹೀಟ್, ದಿ ಮಾರ್ಕೆಟ್ ವಾಸ್ ಫುಲ್."

ಕಲಬುರಗಿಯ ಮೇ ತಿಂಗಳಿಗೆ ಹೇಳಿ ಮಾಡಿಸಿದ ವಾಕ್ಯ ಇದು. ಇಂಥ ಕಡೆ ನಿಮಗೆ ಸಹಾಯ ಮಾಡುವ ರೂಪ ಕನ್ನಡ ಪತ್ರಿಕೆಗಳಲ್ಲೇ ಇದೆ. "ವಿರೋಧದ ನಡುವೆಯೂ ಕಾಮಗಾರಿ ಶುರು" ಅಂತ ಹೆಡ್‌ಲೈನ್ ನೋಡಿರುತ್ತೀರಿ. ನಾಮಪದದ ಮುಂದೆ "ನಡುವೆಯೂ" ಹಾಕಿ ಹೇಳಲು ಬಂದರೆ ಡಿಸ್ಪೈಟ್. ಕ್ರಿಯಾಪದಕ್ಕೆ "ರೂ" ಅಂಟಿಸಿ ಹೇಳಿದರೆ ಆಲ್ದೋ. ಬಿಸಿಲಿನ ನಡುವೆಯೂ, ಡಿಸ್ಪೈಟ್ ದಿ ಹೀಟ್. ಬಿಸಿಲು ಇದ್ದರೂ, ಆಲ್ದೋ ಇಟ್ ವಾಸ್ ಹಾಟ್.

ನಾಮಪದ ಸಿಗದಿದ್ದರೆ ಕ್ರಿಯಾಪದಕ್ಕೆ ಐಎನ್‌ಜಿ ಸೇರಿಸಿ: "ಡಿಸ್ಪೈಟ್ ಲಿವಿಂಗ್ ಇನ್ ಯಾದಗಿರಿ, ಶೀ ಹ್ಯಾಸ್ ನೆವರ್ ಕ್ಲೈಂಬ್ಡ್ ದಿ ಹಿಲ್ ಫೋರ್ಟ್." ಇಲ್ಲಿ ಒಂದು ಎಚ್ಚರಿಕೆ. ಐಎನ್‌ಜಿ ಕೆಲಸ ಮಾಡುವವರೇ ಮುಂದಿನ ಭಾಗದ ಕರ್ತೃ ಆಗಿರಬೇಕು. "ಡಿಸ್ಪೈಟ್ ಸ್ಟಡೀಯಿಂಗ್ ವೆಲ್, ದಿ ಪೇಪರ್ ವಾಸ್ ಟಫ್ ಫಾರ್ ಮೀ" ಅಂದರೆ ಪೇಪರ್ರೇ ಓದಿತು ಅಂದ ಹಾಗಾಗುತ್ತದೆ. "ಡಿಸ್ಪೈಟ್ ಸ್ಟಡೀಯಿಂಗ್ ವೆಲ್, ಐ ಫೌಂಡ್ ದಿ ಪೇಪರ್ ಟಫ್" ಅಂತ ಬರೆಯಿರಿ.

ಪೂರ್ತಿ ಕ್ಲಾಸ್ ಹಾಕಲೇಬೇಕು ಅನಿಸಿದರೆ ನಡುವೆ "ದಿ ಫ್ಯಾಕ್ಟ್ ದಟ್" ಸೇರಿಸಿ: "ಡಿಸ್ಪೈಟ್ ದಿ ಫ್ಯಾಕ್ಟ್ ದಟ್ ಇಟ್ ವಾಸ್ ಹಾಟ್." ವ್ಯಾಕರಣ ಸರಿ ಇದೆ, ಆದರೆ ವಾಕ್ಯ ಭಾರವಾಗುತ್ತದೆ. ನನ್ನ ಸಲಹೆ ಕೇಳಿದರೆ, ಅಂಥ ಕಡೆ ಆಲ್ದೋ ಹಾಕಿ ಮುಗಿಸಿ.

"ಡಿಸ್ಪೈಟ್ ಆಫ್" ಅಂತ ಯಾವತ್ತೂ ಬರೆಯಬೇಡಿ. ಆಫ್ ಬೇಕಿರುವುದು ಇನ್ ಸ್ಪೈಟ್‌ಗೆ ಮಾತ್ರ. ಇನ್ ಸ್ಪೈಟ್ ಆಫ್ ಮೂರು ಬೇರೆ ಬೇರೆ ಪದ. ಇನ್ ಮತ್ತು ಸ್ಪೈಟ್ ಅಂಟಿಸಿ ಬರೆದರೆ ಸ್ಪೆಲಿಂಗ್ ತಪ್ಪು.

ಡಿಸ್ಪೈಟ್ ಜೊತೆಗೂ ನಡುವೆ ಬಟ್ ಬೇಡ. ಆದರೆ ಸ್ಟಿಲ್ ಬರಬಹುದು. ಬೀದರ್‌ನಲ್ಲಿ 1472ರಲ್ಲಿ ಕಟ್ಟಿದ ಮಹಮೂದ್ ಗವಾನ್ ಮದರಸಾದ ಬಗ್ಗೆ ಹೀಗೆ ಹೇಳಬಹುದು: "ಡಿಸ್ಪೈಟ್ ಹೆವಿ ಡ್ಯಾಮೇಜ್, ದಿ ಮದರಸಾ ಸ್ಟಿಲ್ ಸ್ಟ್ಯಾಂಡ್ಸ್." ಇಲ್ಲಿ ಸ್ಟಿಲ್ ಅಂದರೆ "ಇನ್ನೂ". ಅದು ಏನನ್ನೂ ಜೋಡಿಸುತ್ತಿಲ್ಲ, ಹಾಗಾಗಿ ಡಬಲ್ ಆಗಲಿಲ್ಲ.

ನಾಟ್‌ವಿತ್‌ಸ್ಟ್ಯಾಂಡಿಂಗ್ ಅನ್ನುವ ಉದ್ದದ ಪದವೂ ಇದೇ ಗುಂಪಿನದು. ಅದು ಕಾನೂನಿನ ಭಾಷೆ. ಸಂವಿಧಾನದಲ್ಲಿ ಈ ಪದದಿಂದಲೇ ಶುರುವಾಗುವ ವಿಧಿಗಳಿವೆ. ಓದಿದರೆ ಅರ್ಥ ಆಗಬೇಕು, ಅಷ್ಟು ಸಾಕು. ನಿಮ್ಮ ಪ್ರಬಂಧಕ್ಕೆ ಅದು ಬೇಡ.

5. ಹೌಎವರ್, ನೆವರ್‌ದಿಲೆಸ್, ಸ್ಟಿಲ್: ಇವು ಜೋಡಿಸುವುದಿಲ್ಲ

ಶುರುವಿನಲ್ಲಿ ನೆನಪಿಡಿ ಅಂದಿದ್ದೆನಲ್ಲ, ಅದು ಈಗ ಬಂತು. ಹೌಎವರ್ ಆಡ್ವರ್ಬ್. ಎರಡು ವಾಕ್ಯಗಳ ನಡುವೆ ವಿರೋಧ ಇದೆ ಅಂತ ತೋರಿಸುತ್ತದೆ. ಆದರೆ ಆ ಎರಡನ್ನೂ ಒಂದೇ ವಾಕ್ಯ ಮಾಡುವ ಬಲ ಅದಕ್ಕಿಲ್ಲ.

ತಪ್ಪು: "ವೀ ಹ್ಯಾವ್ ಕಂಪ್ಲೇನ್ಡ್ ಟ್ವೈಸ್, ಹೌಎವರ್ ನೋ ಆಕ್ಷನ್ ಹ್ಯಾಸ್ ಬೀನ್ ಟೇಕನ್."

ಸರಿ: "ವೀ ಹ್ಯಾವ್ ಕಂಪ್ಲೇನ್ಡ್ ಟ್ವೈಸ್. ಹೌಎವರ್, ನೋ ಆಕ್ಷನ್ ಹ್ಯಾಸ್ ಬೀನ್ ಟೇಕನ್."

ಮುಂಚೆ ಪೂರ್ಣವಿರಾಮ, ಆಮೇಲೆ ಕಾಮಾ. ಎರಡು ಮಾತು ತೀರಾ ಹತ್ತಿರದವು ಅನಿಸಿದರೆ ಪೂರ್ಣವಿರಾಮದ ಬದಲು ಅರ್ಧವಿರಾಮ, ಅಂದರೆ ಸೆಮಿಕೋಲನ್ ಹಾಕಬಹುದು. ಬಿದರಿ ಪಾತ್ರೆಯ ಬಗ್ಗೆ ಬರೆಯುವಾಗ: "ದಿ ವೆಸೆಲ್ ಈಸ್ ಮೋಸ್ಟ್ಲಿ ಜಿಂಕ್; ಹೌಎವರ್, ದಿ ಡಿಸೈನ್ ಆನ್ ಇಟ್ ಈಸ್ ಸಿಲ್ವರ್." ಎರಡೂ ಕಡೆ ಬರೀ ಕಾಮಾ ಇಟ್ಟು ನಡುವೆ ಹೌಎವರ್ ಕೂರಿಸುವುದು ಇಮೇಲ್‌ಗಳಲ್ಲಿ ನಾನು ಅತಿ ಹೆಚ್ಚು ನೋಡುವ ತಪ್ಪು. ಇಂಗ್ಲಿಷ್ ಚೆನ್ನಾಗಿ ಬಲ್ಲವರೂ ಮಾಡುತ್ತಾರೆ.

ಹೌಎವರ್ ವಾಕ್ಯದ ನಡುವೆಯೂ ಬರಬಹುದು: "ದಿ ಡಿಸೈನ್, ಹೌಎವರ್, ಈಸ್ ಸಿಲ್ವರ್." ಆಗ ಅದರ ಎರಡೂ ಪಕ್ಕ ಕಾಮಾ ಬೇಕು. ಈ ಜಾಗ ಬದಲಾಯಿಸುವ ಗುಣದಿಂದಲೇ ಆಡ್ವರ್ಬ್ ಗುರುತಿಸಬಹುದು. ಬಟ್ ಅನ್ನು ಹೀಗೆ ಸರಿಸಿ ನೋಡಿ, "ದಿ ಡಿಸೈನ್, ಬಟ್, ಈಸ್ ಸಿಲ್ವರ್" ಅಂತ ಯಾರೂ ಹೇಳುವುದಿಲ್ಲ. ಸರಿದಾಡಿದರೆ ಆಡ್ವರ್ಬ್, ಸರಿದಾಡದಿದ್ದರೆ ಕಂಜಂಕ್ಷನ್. ಅನುಮಾನ ಬಂದಾಗಲೆಲ್ಲ ಈ ಪರೀಕ್ಷೆ ಮಾಡಿ.

ಕಾಮಾ ಇಲ್ಲದ ಹೌಎವರ್‌ಗೆ ಅರ್ಥವೇ ಬೇರೆ. "ಹೌಎವರ್ ಹಾರ್ಡ್ ಹೀ ಟ್ರೈಸ್, ಹೀ ಕೆನಾಟ್ ವೇಕ್ ಅಪ್ ಅರ್ಲಿ" ಅಂದರೆ ಎಷ್ಟೇ ಪ್ರಯತ್ನಪಟ್ಟರೂ ಅಂತ. ಇಲ್ಲಿ ಹೌಎವರ್ ಪಕ್ಕದಲ್ಲೇ ಒಂದು ಗುಣವಾಚಕವೋ ಕ್ರಿಯಾವಿಶೇಷಣವೋ ಅಂಟಿಕೊಂಡಿರುತ್ತದೆ.

ನೆವರ್‌ದಿಲೆಸ್, ನನ್‌ದಿಲೆಸ್ ಎರಡೂ ಹೌಎವರ್ ಹಾಗೇ ನಡೆಯುತ್ತವೆ, ಗತ್ತು ಸ್ವಲ್ಪ ಜಾಸ್ತಿ. ಬರೀ ಹೋಲಿಕೆ ಇದ್ದಾಗ ಇವು ಹೊಂದುವುದಿಲ್ಲ. ಅಡ್ಡಿ ಇದ್ದರೂ ಕೆಲಸ ನಡೆಯಿತು ಅನ್ನುವಾಗ ಮಾತ್ರ ಹೊಂದುತ್ತವೆ. ಎರಡೂ ಒಂದೊಂದೇ ಪದ, ಒಡೆದು ಬರೆಯಬೇಡಿ. ಸ್ಟಿಲ್ ವಾಕ್ಯದ ಶುರುವಿನಲ್ಲಿ ಬಂದರೆ "ಆದರೂ" ಅನ್ನುವ ಅರ್ಥ: "ದಿ ಕ್ವೆಶ್ಚನ್ ವಾಸ್ ಟಫ್. ಸ್ಟಿಲ್, ಶೀ ಸಾಲ್ವ್ಡ್ ಇಟ್." ನಿಜ ಹೇಳಬೇಕೆಂದರೆ ನಾವು ಆಡುವ "ಆದರೂ"ಗೆ ತೀರಾ ಹತ್ತಿರದ ಪದ ಇದೇ. ಅದರ ಬದಲು ಆಲ್ದೋ ಹುಡುಕಲು ಹೋಗಿ ಕೆಡುತ್ತೇವೆ.

ಒಂದು ಪ್ಯಾರಾದಲ್ಲಿ ಒಂದು ಹೌಎವರ್ ಸಾಕು. ಪ್ರತಿ ಮೂರನೇ ವಾಕ್ಯಕ್ಕೆ ಹೌಎವರ್ ಬಂದರೆ ಓದುವವರಿಗೆ ಸುಸ್ತಾಗುತ್ತದೆ. ವಾಟ್ಸ್ಆ್ಯಪ್ ಮೆಸೇಜಿಗೆ ಬಟ್ ಸಾಕು.

6. ಬರೀ ಹೋಲಿಕೆ ಇದ್ದಾಗ

"ವೈಲ್ ಕಲಬುರಗಿ ಈಸ್ ವೆರಿ ಹಾಟ್ ಇನ್ ಮೇ, ಬೀದರ್ ಈಸ್ ಅ ಲಿಟಲ್ ಕೂಲರ್." ಇಲ್ಲಿ ವೈಲ್ ಬದಲು ವೇರ್‌ಆಸ್ ಕೂಡ ನಡೆಯುತ್ತದೆ. ಎರಡೂ ಕಂಜಂಕ್ಷನ್, ಎರಡರ ಮುಂದೆಯೂ ಕ್ಲಾಸ್. ವೈಲ್‌ಗೆ "ಆಗ, ಆ ಹೊತ್ತಿಗೆ" ಅನ್ನುವ ಅರ್ಥವೂ ಇರುವುದರಿಂದ ಕೆಲವು ಸಲ ಗೊಂದಲ ಆಗುತ್ತದೆ. ಗೊಂದಲ ಅನಿಸಿದರೆ ವೇರ್‌ಆಸ್ ಹಾಕಿ. ಅದು ನಡುವೆ ಬಂದರೆ ಮುಂಚೆ ಕಾಮಾ ಇಡಿ.

ಅನ್‌ಲೈಕ್ ಬಳಸುವಾಗ ಊರಿಗೆ ಊರು, ಹವಾಮಾನಕ್ಕೆ ಹವಾಮಾನ ಹೋಲಿಸಿ. "ಅನ್‌ಲೈಕ್ ಕಲಬುರಗಿ, ದಿ ವೆದರ್ ಇನ್ ಬೀದರ್ ಈಸ್ ಪ್ಲೆಸೆಂಟ್" ಅಂದರೆ ಊರನ್ನು ಹವಾಮಾನಕ್ಕೆ ಹೋಲಿಸಿದ ಹಾಗಾಯಿತು. "ಅನ್‌ಲೈಕ್ ಕಲಬುರಗಿ, ಬೀದರ್ ಹ್ಯಾಸ್ ಪ್ಲೆಸೆಂಟ್ ವೆದರ್" ಸರಿ.

ಆನ್ ದಿ ಅದರ್ ಹ್ಯಾಂಡ್ ಮತ್ತು ಆನ್ ದಿ ಕಾಂಟ್ರರಿ ಒಂದೇ ಅಲ್ಲ. ಮೊದಲನೆಯದು ವಿಷಯದ ಇನ್ನೊಂದು ಬದಿಯನ್ನು ಹೇಳುತ್ತದೆ: "ದಿ ಟ್ರೇನ್ ಈಸ್ ಚೀಪ್. ದಿ ಬಸ್, ಆನ್ ದಿ ಅದರ್ ಹ್ಯಾಂಡ್, ರನ್ಸ್ ಮೋರ್ ಆಫನ್." ಎರಡೂ ಮಾತು ನಿಜ. ಆನ್ ದಿ ಕಾಂಟ್ರರಿ ಬರಬೇಕಾದರೆ ಮುಂಚೆ ಒಂದು ನಿರಾಕರಣೆ ಇರಬೇಕು: "ಹೀ ಈಸ್ ನಾಟ್ ಲೇಝಿ. ಆನ್ ದಿ ಕಾಂಟ್ರರಿ, ಹೀ ವರ್ಕ್ಸ್ ಟಿಲ್ ಮಿಡ್‌ನೈಟ್." ಅಂದರೆ "ಹಾಗಲ್ಲ, ಅದಕ್ಕೆ ಉಲ್ಟಾ" ಅಂತ. "ಮೈ ಬ್ರದರ್ ಲಿವ್ಸ್ ಇನ್ ಕಲಬುರಗಿ. ಆನ್ ದಿ ಕಾಂಟ್ರರಿ, ಐ ಲಿವ್ ಇನ್ ಬೀದರ್" ಅಂತ ಬರೆದರೆ ತಪ್ಪು. ಅಣ್ಣ ಒಂದು ಊರಲ್ಲಿ, ತಮ್ಮ ಇನ್ನೊಂದು ಊರಲ್ಲಿ ಇರುವುದರಲ್ಲಿ ಸುಳ್ಳಾಗಿಸುವಂಥದ್ದು ಏನೂ ಇಲ್ಲ.

7. ಪರೀಕ್ಷೆಯಲ್ಲಿ ಕಣ್ಣು ಎಲ್ಲಿರಬೇಕು

ಖಾಲಿ ಜಾಗ ತುಂಬುವ ಪ್ರಶ್ನೆ ಬಂದಾಗ ಪೂರ್ತಿ ಅರ್ಥ ಬಿಡಿಸುವ ಮುಂಚೆ ಖಾಲಿ ಜಾಗದ ಅಕ್ಕಪಕ್ಕ ನೋಡಿ. ಪಕ್ಕದಲ್ಲೇ ಆಫ್ ಇದ್ದರೆ ಇನ್ ಸ್ಪೈಟ್. ಬರೀ ನಾಮಪದ ಅಥವಾ ಐಎನ್‌ಜಿ ಇದ್ದರೆ ಡಿಸ್ಪೈಟ್. ಹಿಂದೆ ಸೆಮಿಕೋಲನ್ ಅಥವಾ ಪೂರ್ಣವಿರಾಮ, ಮುಂದೆ ಕಾಮಾ ಇದ್ದರೆ ಹೌಎವರ್ ಗುಂಪು. ವಾಕ್ಯದ ಶುರುವಿನಲ್ಲಿ ಖಾಲಿ ಜಾಗ, ಮುಂದೆ ಕ್ಲಾಸ್, ನಡುವೆ ಬರೀ ಕಾಮಾ ಇದ್ದರೆ ಆಲ್ದೋ ಗುಂಪು. ಆಮೇಲೆ ಅರ್ಥ ನೋಡಿ ಖಚಿತ ಮಾಡಿಕೊಳ್ಳಿ. ಬಿಕಾಸ್, ಇಫ್ ಕೂಡ ಅದೇ ಜಾಗದಲ್ಲಿ ಕೂರಬಲ್ಲವು.

ತಪ್ಪು ಹುಡುಕುವ ಪ್ರಶ್ನೆಯಲ್ಲಿ ಶುರುವಿಗೇ ಆಲ್ದೋ ಕಂಡರೆ ತಕ್ಷಣ ನಡುವೆ ಬಟ್ ಇದೆಯಾ ನೋಡಿ. ಡಿಸ್ಪೈಟ್ ಕಂಡರೆ ಪಕ್ಕದಲ್ಲಿ ಆಫ್ ಇದೆಯಾ, ಕ್ಲಾಸ್ ಇದೆಯಾ ನೋಡಿ.

8. ಒಂದೇ ಮಾತನ್ನು ಬೇರೆ ಬೇರೆ ರೀತಿ ಬರೆಯಿರಿ

ಇದಕ್ಕಿಂತ ಒಳ್ಳೆಯ ಅಭ್ಯಾಸ ನನಗೆ ಗೊತ್ತಿಲ್ಲ. ದಿನಕ್ಕೆ ಒಂದು ಜೋಡಿ ಸಾಕು. ತೊಗರಿ ಬೆಳೆಯುವ ಊರಿನವರು ನಾವು, ಅಲ್ಲಿಂದಲೇ ತೆಗೆದುಕೊಳ್ಳೋಣ. ಬೆಲೆ ಚೆನ್ನಾಗಿತ್ತು, ರೈತ ತೊಗರಿ ಮಾರಲಿಲ್ಲ.

"ದಿ ಪ್ರೈಸ್ ವಾಸ್ ಗುಡ್, ಬಟ್ ದಿ ಫಾರ್ಮರ್ ಡಿಡ್ ನಾಟ್ ಸೆಲ್ ಹಿಸ್ ತೂರ್."

"ಆಲ್ದೋ ದಿ ಪ್ರೈಸ್ ವಾಸ್ ಗುಡ್, ದಿ ಫಾರ್ಮರ್ ಡಿಡ್ ನಾಟ್ ಸೆಲ್ ಹಿಸ್ ತೂರ್."

"ಡಿಸ್ಪೈಟ್ ದಿ ಗುಡ್ ಪ್ರೈಸ್, ದಿ ಫಾರ್ಮರ್ ಡಿಡ್ ನಾಟ್ ಸೆಲ್ ಹಿಸ್ ತೂರ್."

"ದಿ ಪ್ರೈಸ್ ವಾಸ್ ಗುಡ್. ಹೌಎವರ್, ದಿ ಫಾರ್ಮರ್ ಡಿಡ್ ನಾಟ್ ಸೆಲ್ ಹಿಸ್ ತೂರ್."

ಮೂರನೇ ವಾಕ್ಯದಲ್ಲಿ ವಾಸ್ ಮಾಯವಾಗಿ "ಗುಡ್ ಪ್ರೈಸ್" ಅನ್ನುವ ನಾಮಪದ ಆಗಿದ್ದನ್ನು ಗಮನಿಸಿ. ಕ್ಲಾಸ್ ಅನ್ನು ಹೀಗೆ ನಾಮಪದಕ್ಕೆ ತಿರುಗಿಸುವುದೇ ಕಷ್ಟದ ಕೆಲಸ, ಅದನ್ನೇ ಜಾಸ್ತಿ ಅಭ್ಯಾಸ ಮಾಡಿ. "ಹೀ ವಾಸ್ ಇಲ್" ಅನ್ನುವುದು "ಹಿಸ್ ಇಲ್‌ನೆಸ್" ಆಗುತ್ತದೆ. "ಇಟ್ ರೇನ್ಡ್" ಅನ್ನುವುದು "ದಿ ರೇನ್" ಆಗುತ್ತದೆ. "ದಿ ರೋಡ್ ವಾಸ್ ಬ್ಯಾಡ್" ಅನ್ನುವುದು "ದಿ ಬ್ಯಾಡ್ ರೋಡ್" ಆಗುತ್ತದೆ.

9. ಈಗ ನೀವೇ ತಿದ್ದಿ

ಕೆಳಗಿನ ಐದರಲ್ಲೂ ತಪ್ಪು ಇದೆ. ಉತ್ತರ ನೋಡುವ ಮುಂಚೆ ನೋಟ್‌ಬುಕ್‌ನಲ್ಲಿ ಸರಿಪಡಿಸಿ ಬರೆಯಿರಿ.

ಅ. "ದೋ ಕಲಬುರಗಿ ವಾಸ್ ದಿ ಬಹಮನಿ ಕ್ಯಾಪಿಟಲ್ ಫಾರ್ ಮೆನಿ ಇಯರ್ಸ್, ಬಟ್ ದಿ ಕಿಂಗ್ಸ್ ಲೇಟರ್ ಮೂವ್ಡ್ ಟು ಬೀದರ್."

ಆ. "ಡಿಸ್ಪೈಟ್ ಆಫ್ ದಿ ರಶ್, ವೀ ಗಾಟ್ ಸೀಟ್ಸ್."

ಇ. "ಯಾದಗಿರಿ ವಾಸ್ ಒನ್ಸ್ ಅ ಪಾರ್ಟ್ ಆಫ್ ಗುಲ್ಬರ್ಗಾ ಡಿಸ್ಟ್ರಿಕ್ಟ್, ಹೌ‌ಎವರ್ ಇಟ್ ಈಸ್ ಅ ಸೆಪರೇಟ್ ಡಿಸ್ಟ್ರಿಕ್ಟ್ ನೌ."

ಈ. "ಈವನ್ ದೋ ಐ ಗೆಟ್ ಅ ಜಾಬ್ ಇನ್ ಬೆಂಗಳೂರು ನೆಕ್ಸ್ಟ್ ಇಯರ್, ಐ ವಿಲ್ ಕಮ್ ಹೋಮ್ ಫಾರ್ ದಿ ಜಾತ್ರೆ."

ಉ. "ದಿ ರೂಮ್ ಈಸ್ ಸ್ಮಾಲ್. ಆಲ್ದೋ ಇಟ್ ಈಸ್ ಕಂಫರ್ಟಬಲ್."

ಉತ್ತರಗಳು. ಅ: ಬಟ್ ತೆಗೆಯಿರಿ, ಕಾಮಾ ಹಾಗೇ ಇರಲಿ. ಆ: ಆಫ್ ತೆಗೆಯಿರಿ, ಇಲ್ಲವೇ ಡಿಸ್ಪೈಟ್ ತೆಗೆದು ಇನ್ ಸ್ಪೈಟ್ ಹಾಕಿ. ಇ: ಡಿಸ್ಟ್ರಿಕ್ಟ್ ಆದಮೇಲೆ ಪೂರ್ಣವಿರಾಮ ಅಥವಾ ಸೆಮಿಕೋಲನ್, ಹೌಎವರ್ ಆದಮೇಲೆ ಕಾಮಾ. ಹೌಎವರ್ ಬದಲು ಬಟ್ ಹಾಕಿದರೆ ಇರುವ ಕಾಮಾ ಸಾಕು. ಈ: ಕೆಲಸ ಇನ್ನೂ ಸಿಕ್ಕಿಲ್ಲ, ಸಿಗುತ್ತದೋ ಇಲ್ಲವೋ ಗೊತ್ತಿಲ್ಲ, ಆದ್ದರಿಂದ ಈವನ್ ಇಫ್. ಉ: ಇದಕ್ಕೆ ಎರಡು ದಾರಿ ಇವೆ. ಆಲ್ದೋವನ್ನು ಮೊದಲ ವಾಕ್ಯಕ್ಕೆ ಸೇರಿಸಿ ಎರಡನ್ನೂ ಕಾಮಾದಿಂದ ಕೂಡಿಸಿ: "ಆಲ್ದೋ ದಿ ರೂಮ್ ಈಸ್ ಸ್ಮಾಲ್, ಇಟ್ ಈಸ್ ಕಂಫರ್ಟಬಲ್." ಇಲ್ಲವೇ ಎರಡು ವಾಕ್ಯ ಹಾಗೇ ಇಟ್ಟು ಆಲ್ದೋ ಜಾಗಕ್ಕೆ ಸ್ಟಿಲ್ ಮತ್ತು ಒಂದು ಕಾಮಾ ಹಾಕಿ: "ದಿ ರೂಮ್ ಈಸ್ ಸ್ಮಾಲ್. ಸ್ಟಿಲ್, ಇಟ್ ಈಸ್ ಕಂಫರ್ಟಬಲ್."